ಕಾಚಂಪುಳಿ ಸಿಪ್ಪೆ ಗುಂಡಿಗೆ ಹಾಕ್ಬೇಡಿ

ಸಂಪಾದಕರೇ,

ಮಳೆಗಾಲದಲ್ಲಿ ನಮ್ಮ ಕೊಡಗಲ್ಲಿ ಕಾಚಂಪುಳಿ (ಉಪ್ಪಾಗೆ) ಹಣ್ಣನ್ನ ಬುಟ್ಟೀಲಿ ಕೊಳೆಯೋಕೆ ಬಿಟ್ಟು ಕೆಳಗೆ ಪಾತ್ರೆ ಇಟ್ಟು ಹನಿಹನಿ ಇಳಿದ ರಸಾನ ಕಪ್ಪಗಾಗೋವರೆಗೂ ಕುದಿಸಿ ಅಡುಗೆ ಹುಳಿ ಮಾಡ್ತೀವಿ, ಉಳಿದ ಲೋಳೆ ಸಿಪ್ಪೆ ಗೊಬ್ಬರದ ಗುಂಡಿಗೆ. ಅದ್ರ ಜೊತೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲಾನೂ ಹೋಗುತ್ತೆ, ಅದು ಈ ಹಣ್ಣಿನ ಮುಖ್ಯ ಹುಳಿ ಅಂತ 1965ರಲ್ಲೇ ತೋರಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು! (ಸಣ್ಣ ಆಗೋಕೆ ಅಂತ ಅದ್ರ ಮಾತ್ರೆ ನುಂಗೋದು ಬೇಡ, ಲಿವರ್ ಕೆಟ್ಟ ಕೇಸುಗಳಿವೆ.)

ಅದ್ರ ಬದಲು ಆ ಸಿಪ್ಪೆಗೆ ಹುಳಿಯಲ್ಲೂ ಕೆಲಸ ಮಾಡೋ ಪೆಕ್ಟಿನೇಸ್ ಕಿಣ್ವ ಹಾಕಿ 45-50 ಡಿಗ್ರೀಲಿ ಬೆಚ್ಚಗಿಟ್ರೆ ತಿರುಳಿನ ಪೆಕ್ಟಿನ್ ಅನ್ನೋ ಅಂಟು ಕರಗಿ ರಸ ಸಲೀಸಾಗಿ ಬಿಡುತ್ತೆ, ಆದ್ರೆ ಕುದಿಸೋಕೆ ಮುಂಚೆನೇ ಹಾಕ್ಬೇಕು, ಕುದಿ ಬಂದ್ರೆ ಕಿಣ್ವ ಕೆಲಸ ಮಾಡಲ್ಲ. ಕಾಫಿ ಹಣ್ಣಿನ ಲೋಳೆ ತೆಗೆಯೋಕೂ ಇದೇ ಜಾತಿ ಕಿಣ್ವ ಬಳಸ್ತಾರೆ. ತೋಟಗಾರಿಕೆ ಇಲಾಖೆಯೋರು ಬರೋ ಮಳೆಗಾಲಕ್ಕೆ ಊರೂರಲ್ಲಿ ಇದನ್ನ ಮಾಡಿ ತೋರಿಸ್ಲಿ.

- ಒಬ್ಬ ಬೆಳೆಗಾರ, ಕೊಡಗು