ಎಣ್ಣೆಗೆ ಮೊದಲು ಕೂದಲು ಉದುರುವ ಬಗೆ ನೋಡಿ

ಮಾನ್ಯರೇ,

ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಕೂದಲು ಬೆಳೆಸುವ ಎಣ್ಣೆಗೇನೂ ಬರವಿಲ್ಲ. ಆದರೆ ಉದುರುವ ಬಗೆ ತಿಳಿಯದೆ ಕೊಂಡರೆ ದುಡ್ಡು ದಂಡ.

ಡೆಂಗಿ, ಟೈಫಾಯ್ಡ್ ಅಥವಾ ಹೆರಿಗೆಯಾಗಿ ಎರಡು-ಮೂರು ತಿಂಗಳಿಗೆ ಬಾಚಣಿಗೆ ತುಂಬ ಉದುರುವ ಕೂದಲು ಸಾಮಾನ್ಯವಾಗಿ ತಾನೇ ಮರಳುತ್ತದೆ. ಕೀರ್ತಿ ಮಾತ್ರ ಆಗ ಹಚ್ಚಿದ ಎಣ್ಣೆಗೆ! ನಾಣ್ಯದಂತೆ ಗುಂಡಗೆ ಉದುರುವುದಕ್ಕೆ ಉಳ್ಳಾಗಡ್ಡಿ ರಸವನ್ನು ದಿನಕ್ಕೆರಡು ಸಲ, ಎರಡು ತಿಂಗಳು ಹಚ್ಚಿ ಫಲ ಕಂಡ 2002ರ ಸಣ್ಣ ಅಧ್ಯಯನವಿದೆ. ಅದನ್ನೇ ನೆತ್ತಿ ಬೋಳಾಗುವುದಕ್ಕೆ ಹಚ್ಚುವುದು ತಪ್ಪು. ಅಲ್ಲಿ ಡಿಎಚ್‌ಟಿ ಹಾರ್ಮೋನು ಕೂದಲಿನ ಬುಡವನ್ನೇ ಸಣ್ಣದಾಗಿಸುತ್ತದೆ. ಇದಕ್ಕೆ 2015ರಲ್ಲಿ 100 ಜನರ ಮೇಲೆ ನಡೆದ ಪ್ರಯೋಗದಲ್ಲಿ ರೋಸ್‌ಮರಿ ಎಂಬ ಸುಗಂಧ ಸಸ್ಯದ ಎಣ್ಣೆ, ಕೂದಲು ಬೆಳೆಸಲು ಹಚ್ಚುವ ಔಷಧಿಯಾದ ಶೇ 2ರ ಮಿನಾಕ್ಸಿಡಿಲ್‌ಗೆ ಸರಿಸಾಟಿಯಾಯಿತು. ಮೂರು ತಿಂಗಳಿಗೆ ಎರಡರಲ್ಲೂ ಫಲ ಕಾಣಲಿಲ್ಲ, ಆರು ತಿಂಗಳಿಗೆ ಕಂಡಿತು. ನಮ್ಮ ಗರಗದ ಸೊಪ್ಪಿನ (ಭೃಂಗರಾಜ) ಪುರಾವೆ ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳದ್ದು.

ರೋಸ್‌ಮರಿಯ ಗಾಢ ಸಾರ-ಎಣ್ಣೆಯನ್ನು ನೇರ ಹಚ್ಚಿದರೆ ಚರ್ಮ ಉರಿದು ಕೆಂಪಾಗಬಹುದು. 30 ಮಿ.ಲೀ. ಕೊಬ್ಬರಿ ಎಣ್ಣೆಗೆ 12 ಹನಿ ಸಾಕು. ಮೊದಲು ಮೊಣಕೈ ಒಳಬದಿಗೆ ಸವರಿ 24 ತಾಸು ಕಾಯಬೇಕು. ಬಾಟಲಿ ಮೇಲೆ ಗಿಡದ ಚಿತ್ರಕ್ಕಿಂತ ಸಾರದ ಶೇಕಡಾ ಪ್ರಮಾಣ ಮುದ್ರಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಲಿ.

– ಓದುಗ, ಧಾರವಾಡ