ಮೇಷ್ಟ್ರುಗಳಿಗೆ ವಾಸನೆ ಬರಲಿಲ್ವಾ?

ಮಾನ್ಯರೇ,

ಅಮೆರಿಕದ ಸರಣಿ ಹಂತಕ ಜೆಫ್ರಿ ಡಾಮರ್‌ನ ಹೈಸ್ಕೂಲು ದಿನಗಳ ಸಿನಿಮಾ ‘ಮೈ ಫ್ರೆಂಡ್ ಡಾಮರ್’ (2017) ನೋಡಿದೆ. 17 ಜನರನ್ನು ಕೊಂದವನನ್ನು ನಾಯಕ ಮಾಡಿದ್ದಾರೆ ಎಂದು ಬೈಯುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಚಿತ್ರ ಮೊದಲ ಕೊಲೆಯ ಹೊಸ್ತಿಲಲ್ಲೇ ನಿಲ್ಲುತ್ತದೆ.

ಒಹಾಯೊ, 1970ರ ದಶಕ. ಮನೆಯಲ್ಲಿ ಅಪ್ಪ-ಅಮ್ಮನ ಜಗಳ, ಕೊನೆಗೆ ವಿಚ್ಛೇದನ. ಹುಡುಗ ರಸ್ತೆಯಲ್ಲಿ ಸತ್ತುಬಿದ್ದ ಪ್ರಾಣಿಗಳನ್ನು ಹೆಕ್ಕಿ ತಂದು, ಆಸಿಡ್‌ನಲ್ಲಿ ಹಾಕಿ ಮೂಳೆ ಬಿಡಿಸುತ್ತಾನೆ. ಶಾಲೆಯಲ್ಲೇ ಕುಡಿಯುತ್ತಾನೆ. ಫಿಟ್ಸ್ ಬಂದವನಂತೆ ಒದ್ದಾಡಿ ಸಹಪಾಠಿಗಳನ್ನು ನಗಿಸುತ್ತಾನೆ. ಅವರು ಅವನನ್ನು ಸೇರಿಸಿಕೊಳ್ಳುವುದೂ ಆ ತಮಾಷೆಗಷ್ಟೇ. ದೊಡ್ಡವರು ಎಲ್ಲಿದ್ದರೋ! ಬಾಯಿಯ ವಾಸನೆಯಾದರೂ ಒಬ್ಬ ಮೇಷ್ಟ್ರಿಗೆ ಬಡಿಯಬೇಕಿತ್ತಲ್ವಾ?

ಚಿತ್ರಕ್ಕೆ ಆಧಾರವಾದ ಕಾಮಿಕ್ಸ್ ಪುಸ್ತಕ ಬರೆದ ಡರ್ಫ್ ಬ್ಯಾಕ್‌ಡರ್ಫ್ ಅವನ ಜೊತೆ ಓದಿದವರೇ. ಕೊಲೆ ಮಾಡುವವರೆಗೆ ಮರುಕ, ಆಮೇಲೆ ಖಂಡಿತ ಇಲ್ಲ ಎನ್ನುವುದು ಅವರ ನಿಲುವು. ನನಗೂ ಅದೇ ಸರಿ ಅನ್ನಿಸುತ್ತದೆ.

ಒಂದು ತಕರಾರು ಮಾತ್ರ ಇದೆ. 1978ರ ಜೂನ್‌ನಲ್ಲಿ, ಶಾಲೆ ಮುಗಿದ ಕೆಲವೇ ವಾರಕ್ಕೆ, ಡ್ರಾಪ್ ಕೇಳಿ ಡಾಮರ್‌ನ ಕಾರು ಹತ್ತಿ ಅವನ ಮೊದಲ ಬಲಿಯಾದ 18ರ ಹುಡುಗ ಸಿನಿಮಾದಲ್ಲಿ ಸುಮ್ನೆ ಬಂದು ಹೋಗುತ್ತಾನೆ. ಅವನಿಗೂ ಒಂದೆರಡು ದೃಶ್ಯ ಕೊಡಬಹುದಿತ್ತು.

– ಒಬ್ಬ ಓದುಗ, ದಾವಣಗೆರೆ