ಮೊದಲು ಹೂಳು ತೆಗೆಸಿ

ಮಂಗಳೂರು ಹಳೆ ಬಂದರಿನ ದಕ್ಕೆಯಿಂದ (ದೋಣಿಗಳು ಸರಕು ಹತ್ತಿಸಿ ಇಳಿಸುವ ಕಟ್ಟೆಯಿಂದ) ಒಂದು ಕಾಲಕ್ಕೆ ಹಂಚು, ಕಾಫಿ ಹೊರದೇಶಕ್ಕೆ ಹೋಗುತ್ತಿದ್ದವು. ದೊಡ್ಡ ಹಡಗುಗಳು ಹೊರಗೆ ಸಮುದ್ರದಲ್ಲೇ ಲಂಗರು ಹಾಕುತ್ತಿದ್ದವು, ಸರಕು ದೋಣಿಯಲ್ಲಿ ಅಲ್ಲಿಗೆ ಸಾಗುತ್ತಿತ್ತು. 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಶುರುವಾದ ಮೇಲೆ ಆ ವ್ಯಾಪಾರ ಅತ್ತ ಹೋಯಿತು. ದಕ್ಕೆ ಮಾತ್ರ ಸುಮ್ನೆ ಕೂರಲಿಲ್ಲ. ಈಗ ಒಂದೆಡೆ ಬೋಟುಗಳು ಒತ್ತೊತ್ತಾಗಿ ನಿಂತು ಬಂಗುಡೆ, ಬೂತಾಯಿ ಮೀನು ಇಳಿಸುತ್ತವೆ. ಇನ್ನೊಂದೆಡೆ ಲಕ್ಷದ್ವೀಪಕ್ಕೆ ಹೊರಟ ಮಂಜಿಗಳಿಗೆ (ಮರದ ಸರಕು ಹಡಗುಗಳಿಗೆ) ಜಲ್ಲಿ, ಸಿಮೆಂಟು, ತರಕಾರಿ ತುಂಬುತ್ತಾರೆ. ಚೀಲ ಹೊತ್ತವರು ಕಿರಿದಾದ ಹಲಗೆಯ ಮೇಲೆ ಸರಸರನೆ ನಡೆಯುವುದನ್ನು ನೋಡಬೇಕು!

ಇದನ್ನು ಪ್ರವಾಸಿ ತಾಣ ಮಾಡಿ ಎನ್ನುವವರಿದ್ದಾರೆ. ಬೇಡ ಅನ್ನುವುದಿಲ್ಲ. ಆದರೆ ಮೊದಲು ಬೋಟುಗಳು ಹೋಗಿಬರುವ ಅಳಿವೆ ಬಾಗಿಲಿನ (ನದಿ ಕಡಲು ಸೇರುವ ಜಾಗದ) ಹೂಳು ತೆಗೆಸಿ. ದುಡಿಯುವವರಿಗೆ ನೆರಳು, ಕುಡಿಯುವ ನೀರು, ಶೌಚಾಲಯ ಕೊಡಿ. ಸೆಲ್ಫಿ ಪಾಯಿಂಟ್ ಆಮೇಲೆ ನೋಡೋಣ.

– ಓದುಗ, ಮಂಗಳೂರು